ಹಾಡದ ಪ್ಲೇಟಿನ ಕವರ್: ಎಲ್‌ಪಿ ಚಿತ್ರಗಳು ಯಾಕೆ ಹಾಗಿರುತ್ತವೆ?

ನನ್ನ ಹತ್ತಿರ 300ಕ್ಕೂ ಜಾಸ್ತಿ ಹಳೆಯ ಎಲ್‌ಪಿ, ಅಂದರೆ ಬಹಳ ಹೊತ್ತು ಹಾಡುವ ದೊಡ್ಡ ಗ್ರಾಮಾಫೋನ್ ರೆಕಾರ್ಡುಗಳಿವೆ. ಅದರಲ್ಲಿ ಅರ್ಧಕ್ಕರ್ಧ ಹಾಡುವುದಿಲ್ಲ. ಕೆಲವಕ್ಕೆ ಒಳಗೆ ಪ್ಲೇಟೇ ಇಲ್ಲ, ಬರೀ ಕವರ್. ನಾನು ತಂದದ್ದೇ ಕವರಿಗಾಗಿ.

ಕೋಲಾರದಲ್ಲಿ ನಮ್ಮದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಅಪ್ಪನ ಕಾಲದಿಂದ ಇದೇ ಕೆಲಸ. ಪತ್ರಿಕೆ ಮಾಡಿಸಲು ಬಂದವರು ಗೋಡೆಗೆ ಒರಗಿಸಿಟ್ಟ ಕವರ್‌ಗಳನ್ನು ನೋಡುತ್ತಾರೆ. ನೋಡಿದವರು ಕೇಳದೆ ಹೋಗುವುದಿಲ್ಲ. ಈ ಮನುಷ್ಯನ ಮುಖ ಯಾಕೆ ನೀಲಿ? ಹಣೆ ಯಾಕೆ ಅರ್ಧಕ್ಕೆ ಕತ್ತರಿಸಿದ್ದಾರೆ? ಹಾಡಿಗೂ ಈ ಚಿತ್ರಕ್ಕೂ ಏನು ಸಂಬಂಧ?

ಕಲಾವಿದನ ತಲೆಗೆ ಏನೋ ಹೊಳೆಯಿತು, ಬರೆದ ಅಂತ ಉತ್ತರ ಕೊಟ್ಟು ಮುಗಿಸಬಹುದು. ಆದರೆ ಅಚ್ಚಿನ ಕೆಲಸ ಮಾಡುವವನಿಗೆ ಬೇರೆ ಕಾರಣ ಕಾಣುತ್ತದೆ. ಬಹಳಷ್ಟು ವಿಚಿತ್ರ ಕವರ್‌ಗಳು ಹುಟ್ಟಿದ್ದು ಕೈಯಲ್ಲಿ ಇದ್ದದ್ದು ಕಡಿಮೆ ಅನ್ನುವ ಕಾರಣಕ್ಕೆ. ಬಣ್ಣ ಎರಡೇ, ಫೋಟೋ ಒಂದೇ, ದುಡ್ಡು ಸ್ವಲ್ಪ, ಆದರೂ ಅಂಗಡಿಯ ಇನ್ನೊಂದು ಮೂಲೆಯಿಂದ ಗಿರಾಕಿಯ ಕಣ್ಣಿಗೆ ಬೀಳಬೇಕು. ಇದು ಗೊತ್ತಾದರೆ ಕವರ್ ನೋಡುವ ರೀತಿಯೇ ಬದಲಾಗುತ್ತದೆ, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕು ಅನ್ನುವುದೂ ತಿಳಿಯುತ್ತದೆ.

ನನಗೆ ಮೊದಲ ಕವರ್ ಸಿಕ್ಕಿದ್ದು ಕೆಜಿಎಫ್‌ನಲ್ಲಿ. ಬಿಲ್ ಬುಕ್ಕು ಕೊಡಲು ಹೋಗಿದ್ದೆ. ಗುಜರಿ ಅಂಗಡಿಯ ಮುಂದೆ ಹಳೆ ಪೇಪರಿನ ರಾಶಿ, ಅದರ ನಡುವೆ ಒಂದಡಿ ಚೌಕದ ರಟ್ಟುಗಳು. ಎತ್ತಿದರೆ ಒಂದು ತುತ್ತೂರಿಯ ಚಿತ್ರ, ಬರೀ ಕಪ್ಪು ಮತ್ತು ಕೆಂಪು. ಅಂಗಡಿಯವನು, "ಅಣ್ಣಾ, ಅದು ಹಾಡಲ್ಲ, ಮೇಲೆಲ್ಲಾ ಗೀರು ಬಿದ್ದಿದೆ" ಅಂದ. ಪರವಾಗಿಲ್ಲಪ್ಪ, ರಟ್ಟು ಚೆನ್ನಾಗಿದೆ ಅಂದೆ. 20 ರೂಪಾಯಿ ತಗೊಂಡ. ಆ ಕವರ್‌ನಲ್ಲಿ ಎರಡು ಬಣ್ಣದ ಕೆಲಸ ಎಷ್ಟು ಕರಾರುವಾಕ್ಕಾಗಿತ್ತು ಅಂದರೆ, ಊರಿಗೆ ವಾಪಸ್ ಬರುವ ತನಕ ಬಸ್ಸಿನಲ್ಲಿ ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ.

ಕೆಜಿಎಫ್‌ನಲ್ಲಿ ಇಂಥವು ಸಿಗುವುದಕ್ಕೆ ಕಾರಣ ಇದೆ. 1880ರ ದಶಕದಿಂದ ಅಲ್ಲಿ ಚಿನ್ನದ ಗಣಿ ನಡೆಸಿದ್ದು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಕಂಪನಿ. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂತು. ಬ್ರಿಟಿಷರ, ಆಂಗ್ಲೋ ಇಂಡಿಯನ್ನರ ಮನೆಗಳು, ಕ್ಲಬ್ಬು, ಡ್ಯಾನ್ಸು, ಪಿಯಾನೋ ಎಲ್ಲಾ ಇತ್ತು. ಆಮೇಲೆ ಆ ಮನೆಗಳ ಎಷ್ಟೋ ಜನ ಇಂಗ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ ಹೋದರು. 2001ರಲ್ಲಿ ಗಣಿಯೂ ಮುಚ್ಚಿತು. ಹೊತ್ತುಕೊಂಡು ಹೋಗಲಾಗದ್ದು ಇಲ್ಲೇ ಉಳಿಯಿತು. ರೆಕಾರ್ಡು ಭಾರ, ಅದೂ ಉಳಿಯಿತು.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು, ಯಾಕೆಂದರೆ ಕವರ್ ಅನ್ನುವುದು ಮೊದಲಿನಿಂದ ಇರಲಿಲ್ಲ. ನಮ್ಮ ಹಿರಿಯರು ನೋಡಿದ ಗ್ರಾಮಾಫೋನ್ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು, 10 ಇಂಚಿನ ಪ್ಲೇಟಾದರೆ ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು. ಅದನ್ನು ಮಾಡುತ್ತಿದ್ದದ್ದು ಅರಗಿನಿಂದ. ಹೌದು, ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಚ್ಚುವ, ಪಾಂಡವರ ಕಥೆಯಲ್ಲಿ ಮನೆ ಕಟ್ಟಿದ ಅದೇ ಅರಗು, ಮರದ ಮೇಲಿನ ಪುಟ್ಟ ಹುಳ ಕೊಡುವ ಅಂಟು. ಜಗತ್ತಿನ ಪ್ಲೇಟುಗಳಿಗೆ ಬೇಕಾದ ಅರಗಿನಲ್ಲಿ ಬಹುಪಾಲು ನಮ್ಮ ದೇಶದಿಂದಲೇ ಹೋಗುತ್ತಿತ್ತು. 1902ರಲ್ಲಿ ಕಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದ್ದನ್ನು ಮುದ್ರಿಸಿಕೊಂಡಾಗ ಪ್ಲೇಟು ಒತ್ತಲು ಜರ್ಮನಿಯ ಹ್ಯಾನೋವರ್‌ಗೆ ಕಳಿಸಬೇಕಾಯಿತು. 1908ರ ಹೊತ್ತಿಗೆ ಕಲ್ಕತ್ತಾದಲ್ಲೇ ಕಾರ್ಖಾನೆ ಬಂತು, ಮುಂದೆ ಅದು ಹತ್ತಿರದ ಡಂಡಂಗೆ ಹೋಯಿತು.

ಈ ಪ್ಲೇಟು ಕೈಜಾರಿದರೆ ಹಂಚಿನ ಹಾಗೆ ಒಡೆಯುತ್ತಿತ್ತು. ಅದಕ್ಕೆ ಕೊಡುತ್ತಿದ್ದದ್ದು ಕಂದು ಬಣ್ಣದ ಒರಟು ಕಾಗದದ ಚೀಲ. ನಡುವೆ ದುಂಡಗೆ ತೂತು, ಲೇಬಲ್ ಓದಲು. ಚೀಲದ ಮೇಲೆ ಕಂಪನಿಯ ಹೆಸರೋ ಅಂಗಡಿಯ ಜಾಹೀರಾತೋ ಇರುತ್ತಿತ್ತು, ಅಷ್ಟೇ. ಚಿತ್ರ ಅಂತ ಇದ್ದರೆ ಎಚ್‌ಎಂವಿ ರೆಕಾರ್ಡು ಕಂಪನಿಯ ನಾಯಿ. ಆ ನಾಯಿಯ ಚಿತ್ರದಲ್ಲೂ ಒಂದು ತಿದ್ದುಪಡಿಯ ಕಥೆ ಇದೆ. ಫ್ರಾನ್ಸಿಸ್ ಬರೌಡ್ ಮೊದಲು ಬರೆದದ್ದು ಉರುಳೆ ತಿರುಗುವ ಹಳೆಯ ಫೋನೋಗ್ರಾಫ್ ಮುಂದೆ ಕೂತ ನಾಯಿಯನ್ನು. 1899ರಲ್ಲಿ ಚಿತ್ರ ಕೊಳ್ಳಲು ಒಪ್ಪಿದ ಕಂಪನಿ, ಅದನ್ನು ಅಳಿಸಿ ನಮ್ಮ ಗ್ರಾಮಾಫೋನ್ ಬರೆದು ಕೊಡಿ ಅಂದಿತು. ಅವರು ಅದರ ಮೇಲೆಯೇ ಬಣ್ಣ ಹಚ್ಚಿ ಬರೆದರು.

ದೊಡ್ಡ ಕಛೇರಿಯನ್ನೋ ಸಿಂಫನಿಯನ್ನೋ ಮೂರು ಮೂರು ನಿಮಿಷಕ್ಕೆ ತುಂಡು ಮಾಡಿ ಐದಾರು ಪ್ಲೇಟಿನಲ್ಲಿ ತುಂಬಬೇಕಿತ್ತು. ಆ ಪ್ಲೇಟುಗಳನ್ನೆಲ್ಲ ಫೋಟೋ ಆಲ್ಬಂ ಥರ ಹೊಲಿದ ಪುಸ್ತಕದಲ್ಲಿ ಇಟ್ಟು ಮಾರುತ್ತಿದ್ದರು. ಇವತ್ತು ಮೊಬೈಲಿನಲ್ಲಿ ಬರುವ ಹಾಡಿನ ಗುಂಪಿಗೂ ನಾವು ಆಲ್ಬಂ ಅನ್ನುವುದು ಅದಕ್ಕೇ. ಆ ಪುಸ್ತಕದ ರಟ್ಟು ಬೂದು ಅಥವಾ ಕಂದು, ಮೇಲೆ ಹೆಸರು ಮಾತ್ರ. ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದರೆ ಸಮಾಧಿಯ ಕಲ್ಲುಗಳ ಹಾಗೆ ಕಾಣುತ್ತದೆ ಅಂತ ವ್ಯಾಪಾರದವರೇ ಹೇಳುತ್ತಿದ್ದರು.

ಇದನ್ನು ಬದಲಾಯಿಸಿದವರು ಅಲೆಕ್ಸ್ ಸ್ಟೈನ್‌ವೈಸ್. ಅಮೆರಿಕದ ಕೊಲಂಬಿಯಾ ಕಂಪನಿಗೆ ಕೆಲಸಕ್ಕೆ ಸೇರಿದಾಗ ಇಪ್ಪತ್ತು ದಾಟಿದ ಹುಡುಗ. ರಟ್ಟಿನ ಮೇಲೆ ಚಿತ್ರ ಹಾಕೋಣ, ಖರ್ಚು ಜಾಸ್ತಿ ಆಗುತ್ತದೆ, ಆದರೆ ಮಾರಾಟವೂ ಆಗುತ್ತದೆ ಅಂತ ಮೇಲಿನವರನ್ನು ಒಪ್ಪಿಸಿದರು. 1940ರ ಹೊತ್ತಿಗೆ ಅವರು ಮಾಡಿದ ಮೊದಲ ಕವರ್ ನನಗೆ ತುಂಬಾ ಇಷ್ಟ. ನ್ಯೂಯಾರ್ಕಿನ ಒಂದು ನಾಟಕ ಥಿಯೇಟರಿನವರನ್ನು ಕೇಳಿಕೊಂಡು, ಹೊರಗಿನ ದೀಪದ ಬೋರ್ಡಿನಲ್ಲಿದ್ದ ಅಕ್ಷರ ತೆಗೆಸಿ, ಆಲ್ಬಂನ ಹೆಸರು ಹಾಕಿಸಿ, ರಾತ್ರಿ ಫೋಟೋ ತೆಗೆಸಿದರು. ನಮ್ಮೂರಿನ ಟಾಕೀಸಿನ ಬೋರ್ಡನ್ನು ಒಂದು ಗಂಟೆ ಸಾಲ ತಗೊಂಡ ಹಾಗೆ. ಮಾರಾಟ ಏರಿತು. ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು.

ಆಮೇಲೆ 1948ರಲ್ಲಿ ಕೊಲಂಬಿಯಾದವರೇ ಎಲ್‌ಪಿ ತಂದರು. ಅರಗಿನ ಬದಲು ವಿನೈಲ್ ಪ್ಲಾಸ್ಟಿಕ್, 12 ಇಂಚು, ನಿಮಿಷಕ್ಕೆ ಮೂವತ್ತಮೂರೂ ಕಾಲಿಗಿಂತ ಚೂರು ಜಾಸ್ತಿ ಸುತ್ತು, ಒಂದು ಬದಿಗೆ 20 ನಿಮಿಷ ದಾಟುವ ಹಾಡು. ಒಡೆಯುವ ಭಯ ಹೋಯಿತು, ಆದರೆ ಗೀರಿನ ಭಯ ಬಂತು. ಗೆರೆಗಳು ಬಹಳ ಸಣ್ಣ, ಒರಟು ಕಾಗದದ ಚೀಲ ಅದಕ್ಕೆ ಗುರುತು ಮಾಡುತ್ತಿತ್ತು. ಅದಕ್ಕೂ ಪರಿಹಾರ ಹುಡುಕಿದ್ದು ಸ್ಟೈನ್‌ವೈಸ್. ತೆಳು ರಟ್ಟನ್ನು ಮಡಚಿ, ಮೇಲೆ ಅಚ್ಚಾದ ಹಾಳೆ ಅಂಟಿಸಿ, ಒಂದು ಬದಿ ಮಾತ್ರ ತೆರೆದಿರುವ ಜೇಬು. ಇವತ್ತಿಗೂ ಎಲ್‌ಪಿ ಬರುವುದು ಅದೇ ಜೇಬಿನಲ್ಲಿ. ಪ್ಲೇಟಿಗೆ ಗೀರು ಬೀಳದಿರಲಿ ಅಂತ ಹುಟ್ಟಿದ ಆ ರಟ್ಟು, ಚಿತ್ರ ಬರೆಯುವವರಿಗೆ 31 ಸೆಂಟಿಮೀಟರ್ ಚೌಕದ ಜಾಗ ಕೊಟ್ಟಿತು.

ಆ ಜಾಗ ಎಷ್ಟು ದೊಡ್ಡದು ಅಂತ ತಿಳಿಯಲು ಒಂದು ಕ್ಯಾಸೆಟ್ಟಿನ ಕಾರ್ಡು ತಂದು ಮೇಲೆ ಇಟ್ಟು ನೋಡಿ. ಕ್ಯಾಸೆಟ್ಟಿನ ಮುಖ ಸುಮಾರು ಹತ್ತಕ್ಕೆ ಆರೂವರೆ ಸೆಂಟಿಮೀಟರ್. ಎಲ್‌ಪಿ ಕವರ್ ಅದರ ಹದಿನೈದರಷ್ಟಿದೆ. ಕನ್ನಡದಲ್ಲಿ 1978ರ "ನಿತ್ಯೋತ್ಸವ" ಭಾವಗೀತೆಯನ್ನು ಕ್ಯಾಸೆಟ್ಟಿನಲ್ಲೇ ಮನೆಮನೆಗೆ ತಲುಪಿಸಿತು, ಅದು ದೊಡ್ಡ ಕೆಲಸ. ಆದರೆ ಭಾವಗೀತೆಗೆ ಒಂದಡಿ ಚೌಕದ ಚಿತ್ರ ಬರೆಯುವ ಕಾಲ ನಮ್ಮಲ್ಲಿ ಸರಿಯಾಗಿ ಬರಲೇ ಇಲ್ಲವಲ್ಲ ಅಂತ ನನಗೆ ಈಗಲೂ ಬೇಜಾರಿದೆ.

ಈಗ ನೀಲಿ ಮುಖದ ವಿಷಯ. ನ್ಯೂಯಾರ್ಕಿನ ಬ್ಲೂ ನೋಟ್ ಜಾಝ್ ಸಂಗೀತದ ಸಣ್ಣ ರೆಕಾರ್ಡು ಕಂಪನಿ. ಅದನ್ನು ನಡೆಸಿದ ಆಲ್ಫ್ರೆಡ್ ಲಯನ್, ಫ್ರಾನ್ಸಿಸ್ ವುಲ್ಫ್ ಇಬ್ಬರೂ ಬರ್ಲಿನ್‌ನಿಂದ ಬಂದ ಗೆಳೆಯರು. ವುಲ್ಫ್ ರೆಕಾರ್ಡಿಂಗ್ ನಡೆಯುವಾಗಲೇ ವಾದಕರ ಕಪ್ಪು ಬಿಳುಪು ಫೋಟೋ ತೆಗೆಯುತ್ತಿದ್ದರು. 1950ರ ದಶಕದ ನಡುವಿನಿಂದ 1967ರ ತನಕ ಕವರ್ ಮಾಡಿದವರು ರೀಡ್ ಮೈಲ್ಸ್. ಒಂದು ಕವರಿಗೆ ಅವರಿಗೆ ಸಿಗುತ್ತಿದ್ದದ್ದು 50 ಡಾಲರ್. ಹೆಚ್ಚಿನ ಸಲ ಬಣ್ಣ ಒಂದೋ ಎರಡೋ. ನಾಲ್ಕು ಬಣ್ಣದ ಕೆಲಸಕ್ಕೆ ಅಚ್ಚಿನ ಪ್ಲೇಟು ನಾಲ್ಕು ಮಾಡಬೇಕು, ಹಾಳೆ ನಾಲ್ಕು ಬಣ್ಣ ತಿನ್ನಬೇಕು, ನಾಲ್ಕೂ ಒಂದರ ಮೇಲೊಂದು ಕೂದಲೆಳೆಯಷ್ಟೂ ಸರಿಯದೆ ಕೂರಬೇಕು. ಖರ್ಚು ಎಲ್ಲಿ ಹೋಗುತ್ತದೆ ಅಂತ ಪ್ರೆಸ್ಸಿನವರಿಗೆ ಗೊತ್ತು. ಎರಡು ಬಣ್ಣ ಅಂದರೆ ಅರ್ಧ ಕೆಲಸ.

ಹಾಗಾದರೆ ಎರಡೇ ಬಣ್ಣದಲ್ಲಿ ಏನು ಮಾಡಬಹುದು? ಕಪ್ಪು ಬಿಳುಪು ಫೋಟೋದ ಮೇಲೆ ನೀಲಿಯನ್ನು ಪೂರ್ತಿ ಹರಡಬಹುದು, ಆಗ ಮುಖ ನೀಲಿಯಾಗುತ್ತದೆ. ಫೋಟೋ ಚಿಕ್ಕದಾದರೆ ಅಕ್ಷರವನ್ನು ರಟ್ಟಿನ ತುಂಬಾ ಹಿಗ್ಗಿಸಬಹುದು. ಮುಖವನ್ನು ಅರ್ಧಕ್ಕೆ ಕತ್ತರಿಸಿ ಉಳಿದ ಜಾಗವನ್ನು ಖಾಲಿ ಬಿಡಬಹುದು. ಮೈಲ್ಸ್ ಇದನ್ನೆಲ್ಲ ಮಾಡಿದರು. ಅವರಿಗೆ ಜಾಝ್ ಅಷ್ಟೇನೂ ಇಷ್ಟವಿರಲಿಲ್ಲ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುತ್ತಿದ್ದರು. ಆದರೂ ಜಾಝ್ ಅಂದ ಕೂಡಲೇ ಜನರ ಕಣ್ಣ ಮುಂದೆ ಬರುವ ನೋಟ ಅವರದ್ದೇ. ನಾನು ಲಗ್ನಪತ್ರಿಕೆಗೆ ಎರಡು ಬಣ್ಣದ ಕೆಲಸ ಬಂದರೆ ಇವತ್ತಿಗೂ ಆ ಕವರ್‌ಗಳನ್ನು ಎತ್ತಿಕೊಂಡು ನೋಡುತ್ತೇನೆ.

ನಮ್ಮ ಕಡೆಯ ಸಿನಿಮಾ ಇಪಿಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಇಪಿ ಅಂದರೆ 7 ಇಂಚಿನ ಪುಟ್ಟ ಪ್ಲೇಟು, 45 ಸುತ್ತಿನದು, ಸಾಮಾನ್ಯವಾಗಿ ಬದಿಗೆ ಎರಡು ಹಾಡು. 60, 70ರ ದಶಕದ ಕನ್ನಡ ಚಿತ್ರಗೀತೆ ಹುಡುಕುವವರಿಗೆ ಎಲ್‌ಪಿಗಿಂತ ಇಪಿಯೇ ಜಾಸ್ತಿ ಸಿಗುತ್ತದೆ. ನನ್ನ ಹತ್ತಿರ ಇರುವ ಒಂದರಲ್ಲಿ ನಾಯಕಿಯ ಮುಖವನ್ನು ಸ್ಟಿಲ್‌ನಿಂದ ಕತ್ತರಿಯಲ್ಲಿ ಕತ್ತರಿಸಿ ತೆಗೆದಿದ್ದಾರೆ, ಕಿವಿಯ ಓಲೆಯ ಒಂದು ಅಂಚು ಕತ್ತರಿಗೆ ಸಿಕ್ಕಿ ಹೋಗಿದೆ. ಹಿಂದೆ ಬರೀ ಕಿತ್ತಳೆ ಬಣ್ಣ. ಹೆಸರು ಮಾತ್ರ ಕೈಬರಹ. ಅದೇ ನನ್ನ ಪ್ರಾಣ. ಆಗ ಪ್ರೆಸ್ಸುಗಳಲ್ಲಿದ್ದ ಕನ್ನಡದ ಅಚ್ಚುಮೊಳೆಗಳಲ್ಲಿ ದೊಡ್ಡ ಅಳತೆಯಲ್ಲಿ ಬಗೆಬಗೆಯ ಅಕ್ಷರ ಸಿಗುವುದು ಕಷ್ಟ. ಇಂಗ್ಲಿಷಿಗೆ ನೂರು ಥರ ಇತ್ತು, ನಮಗೆ ಬೆರಳೆಣಿಕೆ. ಅದಕ್ಕೇ ಹೆಸರನ್ನು ಕುಂಚದಲ್ಲಿ ಬರೆಸುತ್ತಿದ್ದರು. ಒತ್ತಕ್ಷರವನ್ನು ಎಲ್ಲಿಗೆ ಎಳೆಯಬೇಕು, ತಲಕಟ್ಟನ್ನು ಎಷ್ಟು ಚಾಚಬೇಕು, ದೀರ್ಘವನ್ನು ನಾಯಕಿಯ ಕೂದಲಿನ ಹತ್ತಿರ ಹೇಗೆ ಬಾಗಿಸಬೇಕು, ಎಲ್ಲಾ ಆ ಒಬ್ಬ ಬರಹಗಾರನ ಕೈಯಲ್ಲಿ. ಅವನ ಹೆಸರು ಕವರ್ ಮೇಲೆ ಇಲ್ಲ. ಕಂಪ್ಯೂಟರಿನ ಅಕ್ಷರ ಬಂದ ಮೇಲೆ ಅಂಥ ಕನ್ನಡ ಅಕ್ಷರ ಬರೆಯುವವರು ಕಡಿಮೆಯಾದರು. ನಮ್ಮ ಪ್ರೆಸ್ಸಿಗೆ ಬರೆದು ಕೊಡುತ್ತಿದ್ದ ಬೋರ್ಡು ಬರೆಯುವವರೊಬ್ಬರ ಕೈ ಈಗ ನಡುಗುತ್ತದೆ, ಬರೆಯುವುದಿಲ್ಲ. ಹಾಗಾಗಿ ಕನ್ನಡ ಇಪಿ ಕವರ್ ಸಿಕ್ಕರೆ ದಯವಿಟ್ಟು ಬಿಡಬೇಡಿ. ಹಾಡು ಎಲ್ಲಾದರೂ ಸಿಗುತ್ತದೆ, ಆ ಅಕ್ಷರ ಸಿಗುವುದಿಲ್ಲ.

ದುಡ್ಡು ಸುರಿದು ಮಾಡಿದ ಕವರ್‌ಗಳೂ ಇವೆ. ಅವುಗಳ ಕಥೆಯೇ ಬೇರೆ. ಇಂಗ್ಲೆಂಡಿನ ಬೀಟಲ್ಸ್ ತಂಡ 1967ರಲ್ಲಿ ತಂದ ಸಾರ್ಜೆಂಟ್ ಪೆಪ್ಪರ್ಸ್ ಆಲ್ಬಂ ಕವರಿಗೆ ಆದ ಖರ್ಚು ಸುಮಾರು 3,000 ಪೌಂಡ್. ಕಲಾವಿದರಾದ ಪೀಟರ್ ಬ್ಲೇಕ್, ಜಾನ್ ಹಾವರ್ತ್ ದಂಪತಿ ಆಳೆತ್ತರದ ರಟ್ಟಿನ ಚಿತ್ರಗಳನ್ನು ಸಾಲಾಗಿ ನಿಲ್ಲಿಸಿ ಒಂದು ಗುಂಪು ಕಟ್ಟಿದರು. ಆ ಗುಂಪಿನಲ್ಲಿ ಗಾಂಧೀಜಿಯೂ ಇದ್ದರು. ತಂಡದ ರೆಕಾರ್ಡು ಕಂಪನಿ ಇಎಂಐನ ಮುಖ್ಯಸ್ಥರು, ಇಂಡಿಯಾದಲ್ಲಿ ಜನ ಬೇಸರ ಪಟ್ಟುಕೊಂಡರೆ ವ್ಯಾಪಾರ ಕೆಡುತ್ತದೆ, ತೆಗೆಯಿರಿ ಅಂದರು. ತೆಗೆದರು. ಅದೇ ವರ್ಷ ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅವರ "ಆಕ್ಸಿಸ್" ಕವರ್ ಬಂತು. ನಮ್ಮ ಕ್ಯಾಲೆಂಡರಿನ ವಿರಾಟ್ ರೂಪದ ವಿಷ್ಣುವಿನ ಚಿತ್ರ ತಗೊಂಡು, ಅದರ ನಡುವೆ ಮೂವರು ವಾದಕರ ಮುಖ ಕೂರಿಸಿದ್ದರು. ಹೆಂಡ್ರಿಕ್ಸ್‌ಗೆ ಅದು ಅಷ್ಟು ಹಿಡಿಸಲಿಲ್ಲ. ತಮ್ಮ ರಕ್ತದಲ್ಲಿರುವುದು ಅಮೆರಿಕದ ಮೂಲನಿವಾಸಿಗಳ ನಂಟು, ಚಿತ್ರ ಅದನ್ನು ತೋರಿಸಬೇಕಿತ್ತು ಅನ್ನುವುದು ಅವರ ಅನಿಸಿಕೆ. ನಮ್ಮ ದೇವರ ಚಿತ್ರವನ್ನು ಹೀಗೆ ಬಳಸಿದ್ದು ನನಗೂ ಸರಿ ಅನ್ನಿಸುವುದಿಲ್ಲ. ಆದರೆ ನಮ್ಮ ಅಂಗಡಿಗಳ ಗೋಡೆಯ ಮೇಲಿದ್ದ ಅಚ್ಚಿನ ಚಿತ್ರ ಲಂಡನ್ ತನಕ ಹೋಗಿ ಅಲ್ಲಿಯವರ ಕಣ್ಣು ಸೆಳೆದದ್ದು ಸಣ್ಣ ಮಾತಲ್ಲ.

ಇನ್ನೊಂದು, ಪತ್ರಿಕೆ ಅಚ್ಚು ಹಾಕುವ ಎಲ್ಲರೂ ನೋಡಬೇಕಾದದ್ದು, 1968ರ ಬೀಟಲ್ಸ್ ಬಿಳಿ ಆಲ್ಬಂ. ಕಲಾವಿದ ರಿಚರ್ಡ್ ಹ್ಯಾಮಿಲ್ಟನ್ ಮಾಡಿದ್ದು. ಪೂರ್ತಿ ಬಿಳಿ. ತಂಡದ ಹೆಸರಿಗೆ ಇಂಕೇ ಇಲ್ಲ, ಬರೀ ಎಂಬಾಸಿಂಗ್, ಅಂದರೆ ಒತ್ತಿ ಉಬ್ಬಿಸಿದ ಅಕ್ಷರ, ಅದೂ ಸ್ವಲ್ಪ ಓರೆ. ಮೂಲೆಯಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ನಂಬರು, ನಾವು ಬಿಲ್ ಬುಕ್ಕಿಗೆ ಹಾಕುವ ಹಾಗೆ. ಹಾಗೆಯೇ 1971ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ತಂದ "ಸ್ಟಿಕಿ ಫಿಂಗರ್ಸ್" ಕವರಿನಲ್ಲಿ ಪ್ಯಾಂಟಿನ ನಿಜವಾದ ಜಿಪ್ ಇತ್ತು, ಯೋಚನೆ ಕಲಾವಿದ ಆಂಡಿ ವಾರ್ಹೋಲ್ ಅವರದ್ದು. ಪೇರಿಸಿಟ್ಟಾಗ ಜಿಪ್ಪಿನ ಕೊಂಡಿ ಮೇಲಿನ ಪ್ಲೇಟಿಗೆ ಒತ್ತಿ ಹಾಡು ಕೆಡತೊಡಗಿತು. ಆಮೇಲೆ ಜಿಪ್ಪನ್ನು ಅರ್ಧಕ್ಕೆ ಎಳೆದು ಕಳಿಸಿದರು, ಒತ್ತಿದರೂ ನಡುವಿನ ಲೇಬಲ್ ಮೇಲೆ ಬೀಳಲಿ ಅಂತ.

ಕೊಳ್ಳುವಾಗ ಏನು ನೋಡಬೇಕು? ನಾನು ಜೇಬಿನಲ್ಲಿ ಅಚ್ಚಿನ ಚುಕ್ಕಿ ನೋಡುವ ಲೆನ್ಸ್ ಇಟ್ಟುಕೊಂಡು ಹೋಗುತ್ತೇನೆ. ಒಮ್ಮೆ ಆನ್‌ಲೈನ್‌ನಲ್ಲಿ ಮಾರುವವರೊಬ್ಬರಿಂದ ಒಂದು ಜಾಝ್ ಕವರ್ ತರಿಸಿದೆ, ಒಳ್ಳೆ ದುಡ್ಡೇ ಕೊಟ್ಟೆ. ಬಂದದ್ದು ನಕಲು. ಲೆನ್ಸ್ ಇಟ್ಟ ಕೂಡಲೇ ಗೊತ್ತಾಯಿತು. ಹಿಂಬದಿಯ ಸಣ್ಣ ಅಕ್ಷರ ನೋಡಿ. ಅಸಲಿ ಕವರಿನಲ್ಲಿ ಕಪ್ಪು ಅಕ್ಷರ ಒಂದೇ ಇಂಕಿನಲ್ಲಿ ಗಟ್ಟಿಯಾಗಿ ಅಚ್ಚಾಗಿರುತ್ತದೆ, ಅಂಚು ಚೂಪು. ಅದನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದರೆ ಅಕ್ಷರವೂ ಫೋಟೋ ಆಗಿಬಿಡುತ್ತದೆ, ನೀಲಿ, ಕೆಂಪು, ಹಳದಿ ಚುಕ್ಕಿಗಳಾಗಿ ಒಡೆಯುತ್ತದೆ, ಅಂಚು ಮಸುಕು. ಈ ಒಂದು ಪರೀಕ್ಷೆ ಕಲಿತರೆ ಸಾಕು, ಬಹಳಷ್ಟು ಮೋಸದಿಂದ ಪಾರಾಗಬಹುದು.

ರಟ್ಟನ್ನೂ ನೋಡಿ. ಹಳೆಯ ಅಮೆರಿಕದ ಕವರ್ ದಪ್ಪ, ಬೂದು ರಟ್ಟಿನ ಮೇಲೆ ಅಚ್ಚಾದ ಹಾಳೆ ಅಂಟಿಸಿರುತ್ತಾರೆ. 60ರ ದಶಕದ ಇಂಗ್ಲೆಂಡಿನದ್ದು ತೆಳು, ಮುಂಭಾಗಕ್ಕೆ ಮಾತ್ರ ಲ್ಯಾಮಿನೇಷನ್, ಅದರ ಅಂಚುಗಳನ್ನು ಹಿಂದಕ್ಕೆ ಮಡಚಿ ಹೊರಗಡೆಯೇ ಅಂಟಿಸಿರುತ್ತಾರೆ. ಡಂಡಂನಿಂದ ಬಂದ ಹಳೆಯ ಕವರ್‌ಗಳಲ್ಲೂ ಈ ಮಡಿಕೆ ಕಾಣುತ್ತದೆ. ಎಚ್‌ಎಂವಿ ನಂಬರು ಇಸಿಎಲ್‌ಪಿ ಅಂತ ಶುರುವಾದರೆ ಮೋನೋ (ಒಂದೇ ದಾರಿಯ ಧ್ವನಿ), ಇಸಿಎಸ್‌ಡಿ ಅಂತಿದ್ದರೆ ಸ್ಟೀರಿಯೋ (ಎರಡು ದಾರಿಯ ಧ್ವನಿ). ವೃತ್ತದೊಳಗಿನ ಪಿ ಅಕ್ಷರದ ಮುಂದಿರುವ ವರ್ಷ ಧ್ವನಿಮುದ್ರಣ ಮೊದಲು ಹೊರಬಂದದ್ದು, ನಿಮ್ಮ ಕೈಯಲ್ಲಿರುವ ಪ್ರತಿ ಅಚ್ಚಾದ ವರ್ಷವೇ ಆಗಬೇಕಿಲ್ಲ. ಎಂ.ಎಸ್. ಸುಬ್ಬುಲಕ್ಷ್ಮಿ ಅವರ 1963ರ ಸುಪ್ರಭಾತದಂಥ ಎಲ್‌ಪಿ ಮತ್ತೆ ಮತ್ತೆ ಅಚ್ಚಾಗಿದೆ. ಹಳೆಯದು ಅಂದ ಮಾತ್ರಕ್ಕೆ ಅಪರೂಪ ಅಲ್ಲ.

ಕವರ್ ಮೇಲೆ ದುಂಡಗೆ ಸವೆದ ಗುರುತು ಇದ್ದರೆ ಅದು ಒಳಗಿನ ಪ್ಲೇಟಿನ ಅಂಚು ಒತ್ತಿ ಆದದ್ದು. ಒಂದರ ಮೇಲೊಂದು ಪೇರಿಸಿಟ್ಟರೆ ಹೀಗಾಗುತ್ತದೆ. ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿಡಿ. ಕೋಲಾರದ ಏಪ್ರಿಲ್ ಬಿಸಿಲಿಗೆ ತಗಡಿನ ಮಾಡಿನ ಕೆಳಗೆ ಇಡಬೇಡಿ, ವಿನೈಲ್ ಬಾಗುತ್ತದೆ. ಮಳೆಗಾಲದಲ್ಲಿ ಹೊರಗೋಡೆಗೆ ತಾಗಿಸಿಡಬೇಡಿ, ತೇವ ಹತ್ತಿದರೆ ಬೂಷ್ಟು, ಆಮೇಲೆ ಕಾಗದ ತಿನ್ನುವ ಬೆಳ್ಳಿ ಬಣ್ಣದ ಹುಳ, ಗೆದ್ದಲು. ಹರಿದದ್ದಕ್ಕೆ ಸೆಲ್ಲೋಟೇಪು ಬೇಡವೇ ಬೇಡ, ಕೆಲವೇ ವರ್ಷಕ್ಕೆ ಹಳದಿಯಾಗಿ ಚಿತ್ರವನ್ನೇ ಕಿತ್ತುಕೊಂಡು ಬರುತ್ತದೆ. ಹಿಟ್ಟಿನ ಅಂಟು ತೆಳ್ಳಗೆ ಹಚ್ಚಿ ಒಳಗಿನಿಂದ ಕಾಗದದ ಪಟ್ಟಿ ಕೊಡಿ. ಲ್ಯಾಮಿನೇಷನ್ ಮಾಡಿಸಿಬಿಡೋಣ ಅಂತ ನನ್ನ ಹತ್ತಿರ ತುಂಬಾ ಜನ ತಂದಿದ್ದಾರೆ. ಮಾಡಿಕೊಡಲಿಲ್ಲ. ಒಮ್ಮೆ ಹಾಕಿದರೆ ತೆಗೆಯಲಾಗದು.

ಗೋಡೆಗೆ ಫ್ರೇಮ್ ಹಾಕುವವರು ಬಿಸಿಲು ಬೀಳದ ಗೋಡೆ ಹುಡುಕಿ. ಬೀಡಿ ಅಂಗಡಿಯ ಹಳೆಯ ದೇವರ ಫೋಟೋ, ಸಲೂನಿನ ಹಳೆಯ ಪೋಸ್ಟರು ನೀಲಿಯಾಗಿರುವುದನ್ನು ನೋಡಿದ್ದೀರಿ ಅಲ್ವಾ? ಬಿಸಿಲಿಗೆ ಹಳದಿ, ಮೆಜೆಂಟಾ ಇಂಕು ಮೊದಲು ಹೋಗುತ್ತವೆ, ನೀಲಿ, ಕಪ್ಪು ಉಳಿಯುತ್ತವೆ.

ಕೊನೆಗೆ ಬೆಲೆಯ ವಿಷಯ. ಸಂಗ್ರಹಕಾರರು ಕವರ್ ಮೇಲೆ ಪೆನ್ನಿನ ಬರಹ ಇದ್ದರೆ ಬೆಲೆ ಇಳಿಸುತ್ತಾರೆ. ಮಾರುವಾಗ ಅದು ಇರಲಿ. ನಾನು ಅದಕ್ಕೆ ಇಳಿಸುವುದಿಲ್ಲ. ಹೋದ ತಿಂಗಳು ಅದೇ ಗುಜರಿ ಅಂಗಡಿಯಲ್ಲಿ ಒಂದು ಡ್ಯಾನ್ಸ್ ಸಂಗೀತದ ಎಲ್‌ಪಿ ಸಿಕ್ಕಿತು. ಚಿತ್ರ ಸಾಧಾರಣ, ಮೂಲೆ ಇಲಿ ಕಡಿದಿದೆ. ತಿರುಗಿಸಿದರೆ ಹಿಂದೆ ನೀಲಿ ಇಂಕಿನಲ್ಲಿ, ಓರೆಯಾದ ಇಂಗ್ಲಿಷ್ ಅಕ್ಷರದಲ್ಲಿ, ಕೆಜಿಎಫ್‌ನ ಒಂದು ಗಣಿಯ ಹೆಸರಿನ ಜೊತೆ ಬರೆದಿತ್ತು: ಚಾಂಪಿಯನ್ ರೀಫ್ಸ್, ಕ್ರಿಸ್‌ಮಸ್, 1961. ಅಂಗಡಿಯವನು ಬಟ್ಟೆ ಒದ್ದೆ ಮಾಡಿಕೊಂಡು ಒರೆಸಲು ಬಂದ. ಬೇಡ ಕಣಪ್ಪ ಅಂತ ಕೈ ಹಿಡಿದುಕೊಂಡೆ.